ಕಿವಿ ಮುಚ್ಚಿದ ಕೈ

ಲಹರಿ ತಾರಸಿಯ ಮೋಟುಗೋಡೆ ಹತ್ತಿ ಕುಳಿತಿದ್ದಳು. ಕಾಲೆರಡೂ ಹೊರಗಿದ್ದವು. ಕೆಳಗೆ ನಾಲ್ಕು ಅಂತಸ್ತು, ಅದರಡಿ ಮೆಹದಿಪಟ್ಟಣದ ಗಲ್ಲಿ. ಒಗೆದ ಬಟ್ಟೆಯ ಬಕೆಟ್ ಹಿಡಿದು ಮೆಟ್ಟಿಲು ಹತ್ತಿ ಬಂದ ಮಂದಾಕಿನಿಗೆ ಮೊದಲು ಕಂಡದ್ದು ಮಗಳ ಬೆನ್ನು. ಬಕೆಟ್ಟನ್ನು ಸದ್ದಾಗದಂತೆ ಕೆಳಗಿಡಬೇಕೆಂಬ ಬುದ್ಧಿ ಆ ಗಳಿಗೆಯಲ್ಲೂ ಹೇಗೆ ಹೊಳೆಯಿತೋ, ದೇವರೇ ಬಲ್ಲ.

ಅಷ್ಟರಲ್ಲಿ ಎದುರು ತಾರಸಿಯಲ್ಲಿ ಹಪ್ಪಳ ಒಣಹಾಕುತ್ತಿದ್ದ ಹೆಂಗಸು ಹುಡುಗಿಯನ್ನು ಕಂಡು ಚಿಟ್ಟನೆ ಚೀರಿದಳು. ಪಕ್ಕದ ಮನೆಯಿಂದ ತೆಲುಗಿನಲ್ಲಿ, ಕೆಳಗಿನ ಪಾನ್ ಅಂಗಡಿಯಿಂದ ಹಿಂದಿಯಲ್ಲಿ, ಇಳಿ ಇಳಿ ಎಂಬ ಕೂಗೆದ್ದಿತು. ಭಾನುವಾರವಾದ್ದರಿಂದ ಮನೆಯಲ್ಲಿದ್ದ ಗಂಡ ಶಾಂತಕುಮಾರ ಬನಿಯನ್ನಿನಲ್ಲೇ ಓಡಿಬಂದ.

"ಲಹರೀ! ನೀಚೇ ಉತರೋ! ಇಧರ್ ಆಓ!"

ಕೆಳಗಿಳಿ, ಇತ್ತ ಬಾ ಎಂಬ ಅಪ್ಪನ ಹಿಂದಿ ಕೂಗು ಕಿವಿಗೆ ಬಿದ್ದದ್ದೇ ತಡ, ಲಹರಿ ಗೋಡೆ ಹಿಡಿದಿದ್ದ ಎರಡೂ ಕೈಗಳನ್ನು ಎತ್ತಿ ಕಿವಿ ಮುಚ್ಚಿಕೊಂಡಳು. ಏಳು ವರ್ಷದ ಆ ಸಣ್ಣ ಮೈ ಮುಂದಕ್ಕೊಮ್ಮೆ ಜೋಲಿ ಹೊಡೆಯಿತು. ಮಂದಾಕಿನಿ ಮದುವೆಯಾದಂದಿನಿಂದ ಗಂಡನಿಗೆ ಎದುರುತ್ತರ ಕೊಟ್ಟವಳಲ್ಲ, ಈಗ ಅವನ ಬಾಯಿಯನ್ನೇ ಅಂಗೈಯಿಂದ ಒತ್ತಿ ಹಿಡಿದಳು.

"ಬಿಡು ನನ್ನ," ಅವನು ಕೊಸರಿಕೊಂಡ. "ಹಿಂದಿನಿಂದ ಹೋಗಿ ಹಿಡೀತೀನಿ."

"ಬ್ಯಾಡ್ರಿ! ಹಿಂದಿನಿಂದ ಮುಟ್ಟಿದ್ರ ಅಕಿ ಬೆದರಿ ಜಿಗೀತಾಳ, ಗೊತ್ತಿಲ್ಲೇನು ನಿಮಗ? ಒದರಬ್ಯಾಡ್ರಿ. ನೀವು ಒದರಿದಾಗೊಮ್ಮೆ ಅಕಿ ಕೈ ಬಿಡಾಕತ್ತಾಳ. ಅಕಿ ಕೈ ನೋಡ್ರಿ!"

ಗೊತ್ತಿಲ್ಲದೆ ಏನು? ಮಗುವಿಗೆ ಆಟಿಸಂ ಎಂದು ಡಾಕ್ಟರು ಹೇಳಿದ ಮೇಲೆ, ಅಂಥ ಮಕ್ಕಳ ಸೆಂಟರಿನ ಅನುರಾಧಾ ಟೀಚರ್ ಗಂಡ ಹೆಂಡತಿ ಇಬ್ಬರನ್ನೂ ಎದುರು ಕೂರಿಸಿಕೊಂಡು ಬಿಡಿಸಿ ಹೇಳಿದ್ದರು: ಗದ್ದಲವೆಂದರೆ ಅವಳಿಗೆ ಏಟು ಬಿದ್ದ ಹಾಗೆ, ಮೆಲ್ಲಗೆ ಮಾತಾಡಿ, ನಿಮ್ಮ ಮನೆಮಾತಿನಲ್ಲೇ ಮಾತಾಡಿ. ಶಾಂತಕುಮಾರ ತಲೆಯಾಡಿಸಿ ಬಂದಿದ್ದ, ಅಷ್ಟೇ. ಅವನ ಮನಸ್ಸಿನಲ್ಲಿ ಬೇರೂರಿದ್ದು ಪಟಾನ್‌ಚೆರುವಿನಲ್ಲಿ ನೌಕರಿ ಮಾಡುವ ಅಣ್ಣ ರಾಘವೇಂದ್ರನ ಮಾತು. "ಹೊರಗ ತೆಲುಗು, ಹಿಂದಿ. ಮನಿಯೊಳಗ ಕನ್ನಡ. ಕೂಸಿನ ತಲಿ ಗೊಂದಲ ಆಗೈತಿ. ಹಿಂದಿ ಒಂದ ಇಡ್ರಿ, ಮಾತು ಬರ್ತೈತಿ." ಅವತ್ತಿನಿಂದ ಮಗಳೊಂದಿಗೆ ಕನ್ನಡ ಬಂದ್. ಮಂದಾಕಿನಿಗೆ ಬರುತ್ತಿದ್ದ ಹಿಂದಿಯಾದರೂ ಎಂಥದು? ತರಕಾರಿ ಬಂಡಿಯವನ ಜೊತೆ, ಬಸ್ ಕಂಡಕ್ಟರನ ಜೊತೆ ಕಲಿತದ್ದು. ಮಗಳಿಗೆ ಹೇಳಲು ಬರುತ್ತಿದ್ದದ್ದು ಇಷ್ಟೇ: ಕೂತ್ಕೋ, ತಿನ್ನು, ಏಳು, ಸುಮ್ಮನಿರು. ಮುದ್ದು ಮಾಡುವ ಹಿಂದಿಯನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಒಂದು ವರ್ಷದಿಂದ ಅವಳು ಮಗಳಿಗೆ ಬರೀ ಅಪ್ಪಣೆ ಕೊಡುತ್ತ ಬಂದಿದ್ದಳು.

ಈಗ ಸುತ್ತಲಿನವರಿಗೆಲ್ಲ ಕೈಮುಗಿದು, ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಗದ್ದಲ ತಗ್ಗಿತು. ಮಗಳ ಓರೆಗಣ್ಣಿಗೆ ಬೀಳುವಷ್ಟು ಹತ್ತಿರ, ಬೆದರದಷ್ಟು ದೂರ ನೋಡಿಕೊಂಡು ನೆಲದ ಮೇಲೆ ಕುಳಿತಳು. ಅಂಗೈ ತಾನಾಗಿಯೇ ನೆಲ ತಟ್ಟತೊಡಗಿತು, ದಿನವೂ ಜೋಳದ ರೊಟ್ಟಿ ಬಡಿಯುವ ಹಾಗೆ. ಕುಕ್ಕರ್ ಕೂಗಿದರೆ ಮಂಚದಡಿ ಸೇರುವ ಹುಡುಗಿ, ರೊಟ್ಟಿ ಬಡಿಯುವಾಗ ಮಾತ್ರ ತಾನಾಗಿ ಬಂದು ಅವ್ವನ ಪಕ್ಕ ಕೂರುತ್ತಿದ್ದಳು.

"ರೊಟ್ಟಿ ಬಡಿಯಾಕತ್ತೀನಿ, ನನ್ನವ್ವಾ. ಬಿಸಿ ರೊಟ್ಟಿ ಐತಿ, ಬೆಣ್ಣಿ ಹಚ್ಚಿ ಕೊಡ್ತೀನಿ. ಬಾ, ನನ್ನ ಬಂಗಾರಿ. ಸಾವಕಾಶ ಬಾ."

ತಟ್ಟುವ ತಾಳ ತಪ್ಪಲಿಲ್ಲ. ಲಹರಿಯ ಕೈಗಳು ಕಿವಿಯಿಂದ ಇಳಿದು ಗೋಡೆ ಹಿಡಿದವು. ಅವಳು ತಲೆ ಓರೆ ಮಾಡಿ ಆಲಿಸುತ್ತ ಹಾಗೇ ಕುಳಿತುಬಿಟ್ಟಳು. ಬಿಸಿಲಿಗೆ ಕಾದ ನೆಲ ಮಂದಾಕಿನಿಯ ಅಂಗೈ ಸುಡುತ್ತಿತ್ತು. ಕೆಳಗೆ ಯಾವ ಆಟೋದವನು ಹಾರ್ನ್ ಹೊಡೆದಾನೋ, ಯಾವ ನಾಯಿ ಬೊಗಳೀತೋ ಎಂದು ಪ್ರಾಣವನ್ನು ಅಂಗೈಯಲ್ಲಿ ಹಿಡಿದುಕೊಂಡೇ ಬಡಿದಳು.

ಕೊನೆಗೂ ಲಹರಿ ಒಂದು ಕಾಲನ್ನು ಒಳಕ್ಕೆ ಎಳೆದುಕೊಂಡಳು.

"ಶಾಬಾಷ್ ಬೇಟಾ!" ಎದುರು ತಾರಸಿಯ ಮುದುಕ ಖುಷಿ ತಾಳಲಾರದೆ ಚಪ್ಪಾಳೆ ತಟ್ಟಿದ.

ಹುಡುಗಿಯ ಕೈಗಳು ಮತ್ತೆ ಕಿವಿಗೆ ಹೋದವು. ಮೈ ಹೊರಕ್ಕೆ ವಾಲಿತು. ಶಾಂತಕುಮಾರನ ಗಂಟಲಿಗೆ ಬಂದ ಕೂಗು ಅಲ್ಲೇ ಉಳಿಯಿತು. ಅವನು ಮುದುಕನ ಕಡೆ ತಿರುಗಿ, ಎರಡೂ ಕೈಗಳನ್ನು ತಲೆಯ ಮೇಲೆ ಜೋಡಿಸಿ ನಿಂತ. ಚಪ್ಪಾಳೆ ನಿಂತಿತು. ಮಂದಾಕಿನಿ ತಟ್ಟುವುದನ್ನು ನಿಲ್ಲಿಸಲೇ ಇಲ್ಲ.

ಇನ್ನೊಂದು ಕಾಲೂ ಒಳಗೆ ಬಂತು. ಲಹರಿ ಗೋಡೆಯಿಂದ ಜಾರಿ, ನಡೆದು ಬಂದು ಅವ್ವನ ಪಕ್ಕ ಕುಳಿತು, ನೆಲ ತಟ್ಟುತ್ತಿದ್ದ ಕೈಯ ಮೇಲೆ ತನ್ನ ಅಂಗೈ ಇಟ್ಟಳು. ಆಗ ಮಂದಾಕಿನಿಯ ಅಳು ಒಡೆಯಿತು, ಸೆರಗು ಬಾಯಿಗೆ ತುರುಕಿಕೊಂಡು ಸದ್ದಿಲ್ಲದೆ ಅತ್ತಳು.

ಶಾಂತಕುಮಾರ ಸ್ವಲ್ಪ ದೂರದಲ್ಲೇ ಕುಸಿದು ಕೂತ. ಮಗಳನ್ನು ಬಾಚಿ ತಬ್ಬಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಅವಳೊಂದಿಗೆ ಕನ್ನಡ ಆಡಿ ವರ್ಷವಾಗಿತ್ತು.

"ಭಾಳ ಅಂಜಿದ್ಯೇನವ್ವಾ?" ಪಿಸುದನಿಯಲ್ಲಿ ಕೇಳಿದ.

ಲಹರಿ ಅವನ ಕಡೆ ನೋಡಲಿಲ್ಲ. ಮಂದಾಕಿನಿ ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳ ಪರವಾಗಿ ಹೇಳಿದಳು.

"ಗ್ವಾಡಿ ಹತ್ತಿದಾಗ ಅಕಿ ಅಂಜಿದ್ದಿಲ್ರಿ. ನಮ್ಮ ದನಿ ಕೇಳಿ ಅಂಜಿದ್ಳು."