ಓಣಿಗೆ ಗಾಳಿ ಬಂದಿಲ್ಲ

ಹೊರಗಿನ ಗಾಳಿ ವಿಷವಾದ ಮೇಲೆ ಗಾಳಿ ಕಚೇರಿಯವರು ವಾರಕ್ಕೊಮ್ಮೆ ಮನೆಮನೆಗೆ ನಳದಲ್ಲಿ ಗಾಳಿ ಬಿಡುತ್ತಿದ್ದರು. ಅದನ್ನು ಟಾಕಿಯಲ್ಲಿ ತುಂಬಿಟ್ಟುಕೊಂಡು ವಾರವಿಡೀ ಉಸಿರಾಡಬೇಕಿತ್ತು. ಗದುಗಿನ ನೀಲಾಂಬಿಕೆ ಮತ್ತು ನೂರು ಮೈಲಿ ಆಚೆಯ ರುದ್ರಗೌಡ ಒಂದೇ ಆನ್‌ಲೈನ್ ಕಡತದಲ್ಲಿ ಜೊತೆಯಾಗಿ ಕಾದಂಬರಿ ಬರೆಯುತ್ತಿದ್ದರು. ಅವರ ಹರಟೆಯೂ ಅದರ ಕೆಳಗೇ ನಡೆಯುತ್ತಿತ್ತು.

ಅಂದು ರುದ್ರಗೌಡ ಬರೆದ: "ಅಕ್ಕಾರ, ನಮ್ಮ ಓಣಿಗೆ ಈ ವಾರ ಗಾಳಿ ಬಿಟ್ಟಿಲ್ರಿ."

"ಟಾಕಿಯೊಳಗ ಎಷ್ಟೈತಿ?"

"ಒಂದು ತಾಸಿನಷ್ಟು."

ನೀಲಾಂಬಿಕೆ ಕಚೇರಿಗೆ ಎಂಟು ಸಲ ಫೋನ್ ಮಾಡಿದಳು. ದೂರು ಬರೆದುಕೊಂಡಿದ್ದೇವೆ ಎಂದಷ್ಟೇ ಹೇಳಿದರು. ಅವಳ ಟಾಕಿ ತುಂಬಿತ್ತು.

"ಕಡೀ ಅಧ್ಯಾಯದಾಗ ಮುದುಕಿನ್ನ ಸಾಯಿಸಬ್ಯಾಡ್ರಿ," ಎಂದು ಬರೆದು ಅವನು ಆ ಅಧ್ಯಾಯವನ್ನು ತಿದ್ದತೊಡಗಿದ. ಪರದೆಯ ಮೇಲೆ ಅವನ ಹೆಸರು ಹೊತ್ತ ಪುಟ್ಟ ಕರ್ಸರ್ ಗೆರೆ ಸಾಲಿನಿಂದ ಸಾಲಿಗೆ ಸರಿಯಿತು. ತಾಸು ಮುಗಿಯುವ ಹೊತ್ತಿಗೆ ಒಂದು ಅಲ್ಪವಿರಾಮ ಹಾಕಿ ನಿಂತಿತು.

"ರುದ್ರಾ," ಎಂದು ಬರೆದಳು ನೀಲಾಂಬಿಕೆ. ಮತ್ತೆ ಬರೆದಳು. ಗೆರೆ ಅಲ್ಲೇ ಮಿಣುಕುತ್ತಿತ್ತು. ಕಡತ ಮುಚ್ಚಲು ಅವಳಿಗೆ ಕೈ ಬರಲಿಲ್ಲ.