ಆಣೆ ಇಟ್ಟ ಗೊಂಬೆ

"ಒಂದು ಗುಟ್ಟು ಹೇಳ್ತೀನಿ, ಯಾರಿಗೂ ಹೇಳಬಾರದು," ಎಂದಳು ಚಿನಕುರುಳಿ.

"ನಿನ್ನಾಣೆ, ಯಾರಿಗೂ ಹೇಳಲ್ಲ," ಎಂದಿತು ಗೊಂಬೆ.

ಗೋಡೆಯ ಈಚೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಚಿಕ್ಕಮ್ಮನಿಗೆ ಎರಡೂ ಮಾತು ಸ್ಪಷ್ಟವಾಗಿ ಕೇಳಿಸಿದವು. ಆಟಿಕೆ ಕಾರ್ಖಾನೆಯ ಎಂಜಿನಿಯರ್ ಅವಳು. ಮಾತಾಡುವ, ಜೋಕು ಹೇಳುವ ಈ ಗೊಂಬೆ ಅವಳದೇ ಕೂಸು. ಅಂಗಡಿಗೆ ಕಳಿಸುವ ಮೊದಲು ಒಂದು ಮಗುವಿನ ಕೈಗೆ ಕೊಟ್ಟು ನೋಡೋಣವೆಂದು ಅಕ್ಕನ ಮಗಳು ಚಿನಕುರುಳಿಯನ್ನು ಕರೆತಂದಿದ್ದಳು. ಪಕ್ಕದಲ್ಲಿ ಕಾರ್ಖಾನೆಯ ಯಜಮಾನರೂ ಇನ್ನೊಂದು ಹೆಡ್‌ಫೋನ್ ಏರಿಸಿಕೊಂಡಿದ್ದರು.

ಚಿನಕುರುಳಿಯ ಪಿಸುಮಾತು ಬಂತು: "ನಿನ್ನ ಜೋಕು ಒಂದೂ ಚೆನ್ನಾಗಿಲ್ಲ ಕಣೆ. ಆದ್ರೆ ಚಿಕ್ಕಮ್ಮ ಪಾಪ, ಎಷ್ಟು ಕಷ್ಟಪಟ್ಟು ಮಾಡಿದ್ದಾಳೆ! ಅದಕ್ಕೇ ಹೊಟ್ಟೆ ಹಿಡ್ಕೊಂಡು ನಕ್ಕುಬಿಟ್ಟೆ."

ಯಜಮಾನರು ಮೇಜು ಕುಟ್ಟಿ ನಕ್ಕರು. ಚಿಕ್ಕಮ್ಮನಿಗೂ ನಗು ತಡೆಯಲಾಗಲಿಲ್ಲ. ಆದರೆ ಅರ್ಧಕ್ಕೇ ಬಾಯಿ ಮುಚ್ಚಿಕೊಂಡಳು.

"ಸರ್, ಗೊಂಬೆ ಯಾರಿಗೂ ಹೇಳಲ್ಲ ಅಂತ ಆಣೆ ಇಟ್ಟಿದೆ, ನಾವಿಬ್ಬರು ಕೂತು ಕೇಳ್ತಿದೀವಲ್ಲ."

"ಅದೇ ಗಮ್ಮತ್ತು ಕಣಮ್ಮ! ಆಣೆ ಇಟ್ಟರೆ ಮಕ್ಕಳು ಮನಸ್ಸು ಬಿಚ್ತಾರೆ. ಅಪ್ಪ ಅಮ್ಮ ಫೋನಿನಲ್ಲಿ ಕೇಳಿಸ್ಕೊತಾರೆ. ನಾಳೆಯೇ ಅಂಗಡಿಗೆ ಕಳಿಸೋಣ."

"ಚಿಕ್ಕವರಿದ್ದಾಗ ನೀವು ಗುಟ್ಟು ಯಾರ ಹತ್ರ ಹೇಳ್ತಿದ್ರಿ?"

"ನಮ್ಮನೆ ಬೆಕ್ಕಿನ ಹತ್ರ."

"ಅದು ಹೋಗಿ ನಿಮ್ಮಪ್ಪನ ಹತ್ರ ಹೇಳಿಬಿಟ್ಟಿದ್ರೆ?"

"ಅಯ್ಯೋ, ನಾನು ಏಟು ತಿಂದು ಹಣ್ಣುಗಾಯಿ ನೀರುಗಾಯಿ ಆಗ್ತಿದ್ದೆ!" ಎನ್ನುತ್ತಲೇ ಯಜಮಾನರ ನಗು ಇಳಿಯಿತು. ಮೆಲ್ಲಗೆ ಹೆಡ್‌ಫೋನ್ ತೆಗೆದಿಟ್ಟರು. "ಈಗೇನು ಮಾಡೋಣ ಅಂತೀಯ?"

"ಹೊರಗೆ ಕೇಳಿಸೋ ವ್ಯವಸ್ಥೆಯನ್ನೇ ಕಿತ್ತುಹಾಕ್ತೀನಿ. ಸ್ವಲ್ಪ ತಡ ಆಗುತ್ತೆ."

"ಅಂಗಡಿಯವರು ನನ್ನ ತಲೆ ತಿಂತಾರೆ." ಯಜಮಾನರು ಗಲ್ಲ ಕೆರೆದುಕೊಂಡರು. "ಆಗಲಿ, ಕಿತ್ತುಹಾಕು. ಹಾಗೇ ಆ ಜೋಕುಗಳನ್ನೂ ಬದಲಾಯಿಸು ಮಾರಾಯ್ತಿ."

ಚಿಕ್ಕಮ್ಮ ಎದ್ದು ಆಚೆ ಕೋಣೆಗೆ ಹೋದಳು. ಚಿನಕುರುಳಿಯ ಎದುರು ನೆಲದ ಮೇಲೆ ಕೂತಳು. "ನೀನು ಹೇಳಿದ್ದೆಲ್ಲ ನನಗೆ ಕೇಳಿಸ್ತು ಪುಟ್ಟಾ. ಈ ಗೊಂಬೆ ನಿನಗೆ ಸುಳ್ಳು ಆಣೆ ಇಟ್ಟಿತು."

ಹುಡುಗಿಯ ಮುಖ ಕೆಂಪೇರಿತು. ಒಂದು ಗಳಿಗೆ ಚಿಕ್ಕಮ್ಮನನ್ನು, ಇನ್ನೊಂದು ಗಳಿಗೆ ಗೊಂಬೆಯನ್ನು ನೋಡಿದಳು. ಆಮೇಲೆ ಗೊಂಬೆಯನ್ನು ಸರಕ್ಕನೆ ಎತ್ತಿ ಮಡಿಲಿಗೆ ಹಾಕಿಕೊಂಡಳು.

"ಅವಳಿಗೆ ಬೈಬೇಡ ಚಿಕ್ಕಮ್ಮ. ಪಾಪ, ನೀನು ಹೇಳಿಕೊಟ್ಟದ್ದನ್ನ ಹೇಳಿದ್ಲು ಅಷ್ಟೆ."