ದೊಡ್ಡವಳ ಕುರ್ಚಿ

ಬೆಳಗ್ಗೆ ಹತ್ತೂವರೆಗೆ ಕ್ಯಾನ್ಸರಿಗೆ ಕಿರಣ ಚಿಕಿತ್ಸೆ ಕೊಡುವ ಡಾಕ್ಟರಮ್ಮ ತೀರ್ಮಾನ ಹೇಳಿದರು. "ಗಡ್ಡೆ ಚಿಕ್ಕದಿತ್ತು, ಪೂರ್ತಿ ತೆಗೆದಿದ್ದಾರೆ, ಅಂಚಿನಲ್ಲಿ ಏನೂ ಉಳಿದಿಲ್ಲ. ನಿಮ್ಮ ವಯಸ್ಸೂ ಐವತ್ತೆರಡು. ಇಡೀ ಸ್ತನಕ್ಕೆ ಕಿರಣ ಕೊಟ್ಟರೆ ಸಾಕು. ಗಡ್ಡೆಯಿದ್ದ ಜಾಗಕ್ಕೆ ಅಂತ ಬೇರೆ ಹೆಚ್ಚಿಗೆ ಬೇಡ."

"ಐವತ್ತರ ಒಳಗಿದ್ದಿದ್ರೆ?" ಅತ್ತಿಗೆ ಕೇಳಿದಳು.

"ಕೊಡ್ತಿದ್ದೆ. ವಯಸ್ಸು ಕಮ್ಮಿ ಇದ್ದಷ್ಟೂ ಅದೇ ಜಾಗದಲ್ಲಿ ಮತ್ತೆ ಬರೋ ಸಾಧ್ಯತೆ ಜಾಸ್ತಿ."

ಜೊತೆಗೆ ಬಂದಿದ್ದ ನಾದಿನಿ ನಕ್ಕಳು. "ನೋಡಿ ಅತ್ತಿಗೆ, ಮುದುಕಿಯಾಗಿದ್ದಕ್ಕೂ ಒಂದು ಲಾಭ ಬಂತು."

ಅತ್ತಿಗೆ ನಗಲಿಲ್ಲ. ಮದುವೆಯಾಗಿ ಬಂದ ದಿನ ಇದೇ ಬಾಯಿಬಡುಕಿ ನಾದಿನಿ "ನಂಗೆ ಇಪ್ಪತ್ತೆಂಟು, ನಿಮಗೆಷ್ಟು?" ಎಂದು ಸವಾಲು ಹಾಕಿದಾಗ, ಇಪ್ಪತ್ತನಾಲ್ಕರ ಮದುಮಗಳು ಕಣ್ಣು ಮಿಟುಕಿಸದೆ "ಮೂವತ್ತು" ಎಂದಿದ್ದಳು. ಗಂಡ ಬಾಯಿಗೆ ಬೀಗ ಹಾಕಿಕೊಂಡ. ಅಂದಿನಿಂದ ಮನೆಯವರ ಮುದ್ರಣಾಲಯದಲ್ಲಿ ಕಿಟಕಿ ಪಕ್ಕದ ಕುರ್ಚಿ ದೊಡ್ಡವಳದ್ದು, ಕೊನೆಯ ಮಾತೂ ದೊಡ್ಡವಳದ್ದು. ಸುಳ್ಳು ಬಯಲಾಗಬಾರದೆಂದು ಅವಳು ನರೆತ ಕೂದಲಿಗೆ ಬಣ್ಣವನ್ನೂ ಹಚ್ಚಿರಲಿಲ್ಲ. ಆಸ್ಪತ್ರೆಗೆ ಸೇರುವಾಗ ವಯಸ್ಸು ಹೇಳಿದವಳು ನಾದಿನಿ, ಅತ್ತಿಗೆ ತಿದ್ದಲಿಲ್ಲ.

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು.

"ಮುಚ್ಚಳ ತೆಗೀರಿ ಡಾಕ್ಟ್ರೇ," ಎಂದಳು ಅತ್ತಿಗೆ. "ನಂಗೆ ನಲವತ್ತಾರು. ಆ ಹೆಚ್ಚಿನ ಕಿರಣಾನೂ ಕೊಡಿ. ಇದೇ ಕಾಯಿಲೆ ಹೊತ್ಕೊಂಡು ಇನ್ನೊಂದ್ಸಲ ಈ ಬಾಗಿಲಿಗೆ ಬರೋ ಮನಸ್ಸಿಲ್ಲ ನಂಗೆ."

"ಚರ್ಮ ಇನ್ನಷ್ಟು ಉರಿಯತ್ತೆ."

"ಉರೀಲಿ."

ನಾದಿನಿ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಳು. "ಅಂದ್ರೆ ನೀವು ನನಗಿಂತ ನಾಲ್ಕು ವರ್ಷ ಚಿಕ್ಕೋರು! ಇಷ್ಟು ವರ್ಷ ನನ್ನ ಕಿವಿ ಹಿಂಡಿದ್ದು ಒಂದು ಕೂಸಾ?"

"ಬೈಯೋದೆಲ್ಲ ಮನೇಲಿ ಬೈಯಿ. ಮೊದಲು ಇವರು ವಯಸ್ಸು ತಿದ್ದಲಿ."

ಡಾಕ್ಟರಮ್ಮ ತಿದ್ದಿದರು.

ಹೆಚ್ಚಿನ ಕಿರಣದ ಮೊದಲ ದಿನ ಮುಗಿಸಿಕೊಂಡು ಅತ್ತಿಗೆ ಮುದ್ರಣಾಲಯಕ್ಕೆ ಬಂದಾಗ, ಕಿಟಕಿ ಪಕ್ಕದ ಕುರ್ಚಿಯಲ್ಲಿ ನಾದಿನಿ ಕೂತಿದ್ದಳು. ಏಳಲಿಲ್ಲ.

"ಉರಿಗೆ ಮುಲಾಮು ಹಚ್ಕೊಂಡ್ಯಾ, ತಂಗಿ?"

"ಹಚ್ಕೊಂಡೆ, ಅಕ್ಕ," ಎಂದು ಅತ್ತಿಗೆ ಸ್ಟೂಲು ಎಳೆದುಕೊಂಡು ಕೂತಳು.